ಕಿಟಕಿಯ ಮೇಲ್ಮನವಿ

ಬೇಕರಿಯವನ ಹೊಸ ಬೋರ್ಡು ಪಕ್ಕದ ಗಡಿಯಾರ ರಿಪೇರಿಯವನ ಕಿಟಕಿಗೆ ಮುಕ್ಕಾಲು ಭಾಗ ಅಡ್ಡ ಬಂತು. ಜಗಳಕ್ಕೆ ಅಷ್ಟೇ ಕಾರಣ. ಉಳಿದ ಕಾಲು ಭಾಗದ ಬೆಳಕಿನಲ್ಲಿ ಸಣ್ಣ ಸಣ್ಣ ಚಕ್ರಗಳನ್ನು ಹುಡುಕಿ ಅವನ ಕಣ್ಣಲ್ಲಿ ನೀರು ಸುರಿಯತೊಡಗಿತು. ಹೀಗೇ ಆದರೆ ಅಂಗಡಿಗೆ ಬೀಗ ಹಾಕುವುದೇ ಗತಿ. ದಾವೆ ಹೂಡಿದ. ಹೇಗೂ ಕೋರ್ಟಿಗೆ ಹೋಗುತ್ತಿದ್ದೇನಲ್ಲ ಎಂದು, ಇಬ್ಬರಿಗೂ ಸೇರಿದ ಮೆಟ್ಟಿಲ ಮೇಲೆ ಬೇಕರಿಯವನು ಹಿಟ್ಟಿನ ಮೂಟೆ ಇಡುವ ದೂರನ್ನೂ ಸೇರಿಸಿದ.

ಅಂದು ಬೆಳಿಗ್ಗೆ ನ್ಯಾಯಾಧೀಶರು, ಬೋರ್ಡು ಇದ್ದಲ್ಲೇ ಇರಲಿ, ಮೂಟೆಯ ವಿಚಾರ ಮಧ್ಯಾಹ್ನ ನೋಡೋಣ ಎಂದರು.

"ತುಂಬಾ ಉಪಕಾರವಾಯ್ತು ಸ್ವಾಮಿ" ಎಂದು ಗಡಿಯಾರದವನು ಕೈಮುಗಿದ. ಕಾಲು ತುಳಿದವರಿಗೂ ಥ್ಯಾಂಕ್ಸ್ ಹೇಳುವ ಪ್ರಾಣಿ ಅದು. ಸೋತದ್ದು ತಲೆಗೆ ಹೋಗಿದ್ದು ಹೊರಗೆ ಬಂದ ಮೇಲೆ.

"ಲಾಯರಮ್ಮ, ಈಗಲೇ ಮೇಲಿನ ಕೋರ್ಟಿಗೆ ಹೋಗೋಣ!"

"ಈಗಾಗಲ್ಲ. ತೀರ್ಮಾನ ಆಗಿರೋದು ಅರ್ಧ ಕೇಸು. ಮೂಟೆದೂ ಮುಗಿದು ಎಲ್ಲಾ ಇತ್ಯರ್ಥ ಆದ್ರೆ ಅದು ಅಂತಿಮ ತೀರ್ಪು. ಅಪೀಲು ಆಮೇಲೆ. ಬೋರ್ಡಿನ ವಿಷಯ ಅಲ್ಲಿ ಗೆದ್ದೇ ಗೆಲ್ತೀವಿ, ಸ್ವಲ್ಪ ಸುಮ್ನಿರಿ" ಎಂದು ಆಕೆ ಇನ್ನೊಂದು ಕೇಸಿಗೆ ಓಡಿದಳು.

ಸುಮ್ಮನಿರಲು ಪಕ್ಕದಲ್ಲಿದ್ದ ಕ್ಷೌರದಂಗಡಿಯವನು ಬಿಡಬೇಕಲ್ಲ. ಕೇಸು ನೋಡಲೆಂದೇ ಅಂಗಡಿ ಮುಚ್ಚಿ ಬಂದಿದ್ದ. "ಅಯ್ಯೋ, ಮೂಟೆ ವಿಷಯ ಬಿಟ್ಕೊಟ್ಬಿಡು! ಕೇಸು ಇವತ್ತೇ ಪೂರ್ತಿಯಾಗುತ್ತೆ, ನಾಳೆ ಅಪೀಲು!"

ಇವನಿಗೆ ಅವನನ್ನು ತಬ್ಬಿಕೊಳ್ಳುವಷ್ಟು ಕೃತಜ್ಞತೆ ಉಕ್ಕಿತು. ಕ್ಯಾಂಟೀನಿನಲ್ಲಿ ಬೇಕರಿಯವನನ್ನು ಹಿಡಿದ. "ಅಣ್ಣಾ, ಮೂಟೆ ಎಲ್ಲಿ ಬೇಕಾದ್ರೂ ಇಟ್ಕೋ."

ಸೊಂಟನೋವಿನ ಬೇಕರಿಯವನು ಎದ್ದು ಅವನ ಹೆಗಲ ಮೇಲೆ ಕೈ ಹಾಕಿದ. "ಅದನ್ನ ಅಟ್ಟಕ್ಕೆ ಹೊರೋದು ಹೇಗೆ ಅಂತ ನಿದ್ದೆನೇ ಬಂದಿರ್ಲಿಲ್ಲ ಕಣೋ. ಒಡಹುಟ್ಟಿದ ತಮ್ಮನೂ ಹೀಗೆ ಮಾಡಲ್ಲ!" ಎಂದು ಟೀ ಕುಡಿಸಿ, ಆ ಕೈಯನ್ನು ಕೋರ್ಟಿನ ಒಳಗೂ ತೆಗೆಯಲಿಲ್ಲ.

"ಮೂಟೆಯದು ರಾಜಿಯೋ? ಸಂತೋಷ. ಬೋರ್ಡಿನದನ್ನೂ ರಾಜಿ ಅಂತಲೇ ಬರೆಯಲೇ?" ಎಂದು ನ್ಯಾಯಾಧೀಶರು ಕೇಳಿದರು.

ಹೆಗಲ ಮೇಲೆ ಆ ಬೆಚ್ಚನೆಯ ಕೈ ಇರುವಾಗ ಇಲ್ಲವೆನ್ನುವುದು ಹೇಗೆ?

"ಅದೂ ರಾಜಿ ಸ್ವಾಮಿ. ಎಲ್ಲಾ ನಿಮ್ಮ ದಯೆ."

ಲಾಯರಮ್ಮ ಏದುಸಿರು ಬಿಡುತ್ತಾ ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು. "ಈಗ ಅಂತಿಮ ಆಯ್ತಲ್ಲಮ್ಮ?" ಎಂದ ಇವನು ಹೆಮ್ಮೆಯಿಂದ.

"ಆಯ್ತಪ್ಪ, ಚೆನ್ನಾಗೇ ಆಯ್ತು. ನೀವಾಗಿ ಒಪ್ಪಿ ರಾಜಿ ಮಾಡ್ಕೊಂಡ ತೀರ್ಪಿಗೆ ಇನ್ನು ಅಪೀಲೇ ಇಲ್ಲ!"

ಕಾಲೆಳೆದುಕೊಂಡು, ದಾರಿಯಲ್ಲಿ ಸಿಕ್ಕವರಿಗೆಲ್ಲ ಸೋತ ಕಾರಣ ಹೇಳಿಕೊಂಡು ಅಂಗಡಿ ತಲುಪುವಾಗ ಸಂಜೆ. ಅವನಿಗಿಂತ ಮೊದಲೇ ಬಂದಿದ್ದ ಬೇಕರಿಯವನು ಏಣಿಯ ಮೇಲಿದ್ದ.

"ಬಾರೋ ತಮ್ಮಾ! ನಿನ್ನ ಉಪಕಾರ ಸುಮ್ನೆ ಇಟ್ಕೊಳ್ಳೋನಲ್ಲ ನಾನು. ನೋಡು, ನನ್ನ ಹೆಸರಿನ ಕೆಳಗೆ ನಿನ್ನ ಅಂಗಡಿ ಹೆಸರು!"

ಹೆಸರು ಹಿಡಿಸಲೆಂದು ಬೋರ್ಡಿನ ಕೆಳಗೆ ಇನ್ನೊಂದು ಹಲಗೆ ಜೋಡಿಸಿದ್ದ. ಉಳಿದಿದ್ದ ಕಾಲು ಕಿಟಕಿಯೂ ಮುಚ್ಚಿಹೋಗಿತ್ತು.

ಗಡಿಯಾರದವನು ತಲೆಯೆತ್ತಿ ನೋಡಿದ. ಜೀವಮಾನದಲ್ಲಿ ಯಾರೂ ಅವನ ಹೆಸರನ್ನು ಅಷ್ಟು ದೊಡ್ಡದಾಗಿ ಬರೆಸಿರಲಿಲ್ಲ. ಕಣ್ಣು ತುಂಬಿ ಬಂತು.

"ತುಂಬಾ ಉಪಕಾರವಾಯ್ತು ಅಣ್ಣಾ" ಎಂದು ಮನಸಾರೆ ಹೇಳಿ, ಗೋಡೆ ತಡವುತ್ತಾ ಒಳಗೆ ಹೋದ.