ಕೆಂಪು ಬಣ್ಣದ ದಿ॥

ಎಲ್ಲಕ್ಕೂ ಕಾರಣ, ಭಾವಿ ಮಾವ ಹೊನ್ನಪ್ಪ ಬೆಳಗ್ಗೆ ಬಿಂಡಿಗನವಿಲೆಯಿಂದ ಮಾಡಿದ ಒಂದು ಫೋನು.

"ಅಳೀಮಯ್ಯ, ಲಗ್ನಪತ್ರಿಕೇಲಿ ತೀರ್ಕಂಡಿರೋ ಇರೀಕ್ರು ಹೆಸ್ರಿನ ಮುಂದೆ ದಿ॥ ಅಂತ ಆಕು. ಅದೊಂದು ಕೆಂಪಗಿರ್ಲಿ, ಹೆಸ್ರು ಕರ್ರಗೇ ಇರ್ಲಿ."

ಲೋಕೇಶ ನಾಗಮಂಗಲದ ಒಂದು ಕಚೇರಿಯಲ್ಲಿ ಕಂಪ್ಯೂಟರ್ ಆಪರೇಟರು. ರಜಾ ಅರ್ಜಿಯನ್ನೂ ಎಕ್ಸೆಲ್‌ನಲ್ಲೇ ಬರೆಯುವ ಆಸಾಮಿ; ತನ್ನ ಲಗ್ನಪತ್ರಿಕೆಯನ್ನೂ ಅದರಲ್ಲೇ ಕೂರಿಸಿದ್ದ. ತೀರಿಕೊಂಡವರು ಮೂರೇ ಜನ. ಕೈಯಲ್ಲೇ ಬಡಿದಿದ್ದರೆ ಕಾಫಿ ಕುಡಿಯುವಷ್ಟರಲ್ಲಿ ಮುಗಿಯುತ್ತಿತ್ತು. ಆದರೆ ಕೆಲಸವನ್ನು ಕಂಪ್ಯೂಟರೇ ಮಾಡಿಕೊಳ್ಳುವಂತೆ ಮ್ಯಾಕ್ರೊ ಬರೆಯಲು ಕಲಿತವನ ಕೈ ಸುಮ್ಮನಿರುತ್ತದೆಯೇ? ಒಂದು ಗುಂಡಿ ಒತ್ತಿದರೆ ಸೆಲ್ಲಿನೊಳಗೆ ಹೆಸರಿನ ಮುಂದೆ ದಿ॥ ಕೂತು, ಅದಷ್ಟೇ ಕೆಂಪಾಗುವ ಹಾಗೆ ಬರೆದ. ಒತ್ತಿದ. ತನ್ನ ಜಾಣತನಕ್ಕೆ ತಾನೇ ತಲೆದೂಗಿ, ತಿರುಗಿ ನೋಡದೆ ನೆಂಟರ ವಾಟ್ಸಾಪ್ ಗುಂಪಿಗೆ ಕಳಿಸಿಯೂ ಬಿಟ್ಟ.

ಮೂರು ಸೆಲ್ಲಿನ ಬದಲು ಇಡೀ ಶೀಟೇ ಆಯ್ಕೆಯಾಗಿ, ಪತ್ರಿಕೆಯಲ್ಲಿದ್ದ ಎಲ್ಲರ ಹೆಸರಿನ ಮುಂದೂ ದಿ॥ ಕೂತಿತ್ತು.

"ಲೇ! ಹೆಣ್ ಕೊಡೋಕ್ ಮುಂಚೇನೇ ನನ್ನ ಸಾಯಿಸ್ಬುಟ್ಯಲ್ಲಾ!" ಹೊನ್ನಪ್ಪ ಫೋನಿನಲ್ಲಿ ಗುಡುಗಿದ. "ಮದ್ಯಾನ್ದೊಳ್ಗೆ ಸರಿ ಮಾಡ್ದಿದ್ರೆ ಮದ್ವೇನೇ ಇಲ್ಲ, ತಿಳ್ಕ!"

ಲೋಕೇಶ ಮಾಡಿದ್ದನ್ನು ಅಳಿಸಲು ಹೋದ. ಅನ್‌ಡೂ ಒತ್ತಿದ, ಮ್ಯಾಕ್ರೊ ಮಾಡಿದ ಕೆಲಸಕ್ಕೆ ಅನ್‌ಡೂ ಇಲ್ಲ. ಮಾವನ ಹೆಸರನ್ನು ಹೊಸದಾಗಿ ಬಡಿದ. ದಿ॥ ಹೋಯಿತು, ಹೆಸರು ಪೂರ್ತಿ ಕೆಂಪಾಯಿತು. ಅದಕ್ಕೆ ಕಪ್ಪು ಬಳಿದ. ಇನ್ನೊಂದು ಮ್ಯಾಕ್ರೊ ಬರೆಯಲು ಧೈರ್ಯವಿಲ್ಲ. ಗಾಬರಿಯಲ್ಲಿ, ನಿಜವಾಗಿ ತೀರಿಕೊಂಡ ಆ ಮೂವರು ಯಾರೆಂಬುದೇ ಮರೆತುಹೋಗಿತ್ತು. ಮಾವನನ್ನು ಕೇಳುವ ಹಾಗೂ ಇಲ್ಲ.

ಅಷ್ಟರಲ್ಲಿ ಇನ್ನೊಂದು ಫೋನು. "ನಾನು ಅಕ್ಕಿಹೆಬ್ಬಾಳು ನರಸಯ್ಯ ಕಣಪ್ಪ. ಇನ್ನೂ ಇವ್ನಿ!"

ಲೋಕೇಶನಿಗೆ ದಾರಿ ಕಂಡಿತು. ಫೋನ್ ಮಾಡಿದವರೆಲ್ಲ ಇದ್ದಾರೆ, ಮಾಡದವರು ಇಲ್ಲ! ಒಬ್ಬೊಬ್ಬರೂ ಉಗಿಯುತ್ತ ಬಂದಂತೆ ಅವರವರ ದಿ॥ ಕಿತ್ತು, ಹೆಸರಿಗೆ ಕಪ್ಪು ಬಳಿಯುತ್ತ ಹೋದ. ಮದುಮಗಳು ರಮ್ಯ ಅಳುತ್ತಲೇ ಫೋನ್ ಮಾಡಿದಳು, ಅವಳದೂ ಹೋಯಿತು. ಮಧ್ಯಾಹ್ನಕ್ಕೆ ಬೈಗುಳ ನಿಂತಿತು. ಉಳಿದ ದಿ॥ಗಳು ತೀರಿಕೊಂಡವರವೇ ಎಂದುಕೊಂಡು ಪ್ರೆಸ್ಸಿಗೆ ಕಳಿಸಿದ.

ಸಂಜೆ ಮಾವನೇ ಫೋನ್ ಮಾಡಿದ. "ಕಾರ್ಡು ಬಂದ್ವು, ಅಂಚೋಕೆ ಸುರು ಮಾಡೀವಿ. ನಮ್ಮೋರೆಲ್ಲ ಬದ್ಕವ್ರೆ. ಚೆಂದಾಗ್ ಮಾಡಿದ್ದೀಯ ಬುಡು!"

ಹಿಗ್ಗಿನಿಂದ ಮನೆಗೆ ಬಂದರೆ ಪಕ್ಕದ ಮನೆ ಪುಟ್ಟಗೌರಮ್ಮ ಜಗಲಿಯ ಮೇಲೆ ಸೆರಗು ಬಾಯಿಗಿಟ್ಟುಕೊಂಡು ಕೂತಿದ್ದಳು. ಕೈಯಲ್ಲಿ ಲೋಕೇಶನ ಅವ್ವ ಹಂಚಿದ್ದ ಕಾರ್ಡು. ಅವನು ಇಸಿದುಕೊಂಡು ನೋಡಿದ. ನಟ್ಟನಡುವೆ ದಪ್ಪಕ್ಷರದಲ್ಲಿ ವರನ ಹೆಸರು. ಅದರ ಮುಂದೆ ಕೆಂಪಗೆ ದಿ॥. ಎಲ್ಲರೂ ತಂತಮ್ಮ ಹೆಸರಿಗಾಗಿ ಲೋಕೇಶನಿಗೆ ಫೋನ್ ಮಾಡಿದ್ದರು. ಲೋಕೇಶ ಯಾರಿಗೂ ಮಾಡಿರಲಿಲ್ಲ.

"ಮದ್ವೆ ಯಾವತ್ತು ಅಂತ ಬರ್ದವ್ರೆ ಕಣಪ್ಪ," ಎಂದಳು ಪುಟ್ಟಗೌರಮ್ಮ ಕಣ್ಣೊರೆಸಿಕೊಳ್ಳುತ್ತ, "ತಿಥಿ ಯಾವತ್ತು ಅಂತಾನೇ ಆಕಿಲ್ವಲ್ಲಾ?"