ಫ್ಯಾನಿಲ್ಲದ ಲ್ಯಾಪ್‌ಟಾಪು ಮಾರಿದ ಕಥೆ

ಲ್ಯಾಪ್‌ಟಾಪು ಮಾರುವವನು ನಗು ಹುಡುಕಿಕೊಂಡು ಹೋಗಬೇಕಾಗಿಲ್ಲ. ಕೊಳ್ಳಲು ಬಂದವರೇ ಕೈಚೀಲದಲ್ಲಿ ಹಾಕಿಕೊಂಡು ಬರುತ್ತಾರೆ. ಈ ವರ್ಷ ನಕ್ಕಿದ್ದೆಲ್ಲ ಒಂದೇ ಮಾಲಿನ ದೆಸೆಯಿಂದ.

ಲಕ್ಷ್ಮೀಪುರಂನ ನನ್ನ ಅಂಗಡಿಗೆ ಡೀಲರು ಬೇರೆ ಮಾಲಿನ ಜೊತೆ ಒಂದು ಅಗ್ಗದ ಲ್ಯಾಪ್‌ಟಾಪನ್ನೂ ತಗುಲಿಹಾಕಿದ್ದ. ಪ್ರೊಸೆಸರಿಗೆ ಎರಡೇ ಕೋರು. ವೇಗ ಒಂದು ಗಿಗಾಹರ್ಟ್ಸ್ ಚಿಲ್ಲರೆ. ದೇವರ ಮನೆಯ ಪುಟ್ಟ ಬಲ್ಬಿನಷ್ಟೇ ಕರೆಂಟು ಕುಡಿಯುವುದರಿಂದ ಬಿಸಿಯಾಗುವುದಿಲ್ಲ; ಬಿಸಿಯಾಗದ್ದಕ್ಕೆ ಒಳಗೆ ಫ್ಯಾನೂ ಇಟ್ಟಿಲ್ಲ. ಆನ್ ಮಾಡಿ ಕಾಫಿ ಕುಡಿದು ಬಂದರೂ ಪರದೆಯ ಮೇಲೆ ಬಳೆ ತಿರುಗುತ್ತಲೇ ಇರುತ್ತದೆ. ಯುಗಾದಿಗೆ ಬಂದದ್ದು ಗೌರಿ ಹಬ್ಬಕ್ಕೂ ಕದಲಲಿಲ್ಲ.

ಅಂಗಡಿಯಲ್ಲಿ ಬಿಲ್ಲು ಬರೆಯುವವಳು ನನ್ನ ಹೆಂಡತಿ. ಒಂದು ದಿನ ಹೇಳಿಯೇಬಿಟ್ಟಳು: “ನೋಡ್ರೀ, ಆಯುಧಪೂಜೆಯೊಳಗೆ ಇದು ಹೋಗ್ಲಿಲ್ಲ ಅಂದ್ರೆ ನೀವೇ ಇಟ್ಕೊಳ್ಳಿ. ನಿಮ್ಮ ಫಾಸ್ಟ್ ಲ್ಯಾಪ್‌ಟಾಪು ನನಗೆ. ಕೆಲಸ ಮಾಡೋಳು ನಾನು, ಕ್ರಿಕೆಟ್ ನೋಡೋರು ನೀವು.”

ಒಪ್ಪಿದೆ. ಮೂವತ್ತು ವರ್ಷ ವ್ಯಾಪಾರ ಮಾಡಿದವನಿಗೆ ಒಂದು ಲ್ಯಾಪ್‌ಟಾಪು ಯಾವ ಲೆಕ್ಕ!

ಇಬ್ಬರು ಆಳು

ಹೂಟಗಳ್ಳಿಯ ಫ್ಯಾಕ್ಟರಿಯೊಂದರ ಸೂಪರ್‌ವೈಸರ್ ಬಂದರು. ಕೋರು ಅಂದರೇನು ಅಂತ ಕೇಳಿದರು.

“ಒಳಗೆ ದುಡಿಯೋ ಆಳು ಅಂದ್ಕೊಳ್ಳಿ ಸಾರ್. ಇದರಲ್ಲಿ ಇಬ್ಬರು.”

“ಆ ಪಕ್ಕದ ಐ-ಸೆವೆನ್?”

“ಅದರಲ್ಲಿ ಎಂಟು.”

“ಎಂಟಾಳು ಇಟ್ಕಂಡು ಸೆವೆನ್ ಅಂತ ಯಾಕೆ ಬರ್ದವ್ರೆ?”

ಅದು ಬರೀ ಹೆಸರು ಅನ್ನುವಷ್ಟರಲ್ಲಿ ಅವರಿಗೇ ಹೊಳೆದುಹೋಯಿತು. “ಗೊತ್ತಾಯ್ತು ಬುಡಿ. ನಮ್ಮ ಶಿಫ್ಟಲ್ಲೂ ಅಂಗೇ. ಹಾಜರಿ ಎಂಟು, ಕೆಲಸ ಮಾಡೋರು ಏಳು.”

“ಹಾಗಾದ್ರೆ ಇದನ್ನ ಪ್ಯಾಕ್ ಮಾಡ್ಲಾ?”

“ಇಬ್ಬರದಾ? ಬ್ಯಾಡ ಕಣ್ರೀ. ಒಬ್ಬ ಟೀಗೆ ಹೋದ ಅಂದ್ರೆ ಅರ್ಧ ಫ್ಯಾಕ್ಟರಿ ನಿಂತಂಗೆ!”

ಹುಟ್ಟಿದ ಗಳಿಗೆ

ಸಿದ್ಧಾರ್ಥನಗರದ ನಿವೃತ್ತ ಅಧಿಕಾರಿಯೊಬ್ಬರು ನಿಜಕ್ಕೂ ಒಪ್ಪಿಬಿಟ್ಟಿದ್ದರು. ಇ-ಮೇಲು, ಪಂಚಾಂಗ, ಮೊಮ್ಮಗಳ ಫೋಟೋ. ಇಷ್ಟಕ್ಕೆ ಎರಡು ಕೋರು ಧಾರಾಳ. ಒಂದೇ ಷರತ್ತು. ಅಂದು ಶುಕ್ರವಾರ, ಹತ್ತೂವರೆಗೆ ರಾಹುಕಾಲ, ಅಷ್ಟರೊಳಗೆ ಶುರುವಾಗಬೇಕು.

ಹತ್ತೂ ಇಪ್ಪತ್ತೈದಕ್ಕೆ ಕುಂಕುಮ ಇಟ್ಟು ಗುಂಡಿ ಒತ್ತಿದರು. ಬಳೆ ತಿರುಗಿತು. ಅಪ್‌ಡೇಟ್ ಆಗುತ್ತಿದೆ, ಆಫ್ ಮಾಡಬೇಡಿ ಅಂತ ಬಂತು. ಅವರು ಗಡಿಯಾರ ನೋಡಿದರು, ನಾನು ದೇವರ ಪಟ ನೋಡಿದೆ. ಪರದೆ ತೆರೆದುಕೊಂಡಾಗ ಹತ್ತೂ ಮೂವತ್ತೆರಡು.

“ಸಾರ್, ನೀವು ಗುಂಡಿ ಒತ್ತಿದ್ದು ಮುಂಚೇನೇ ಅಲ್ವಾ? ಅದೇ ಲೆಕ್ಕ” ಅಂದೆ.

ಅವರು ಎದ್ದು ಕೊಡೆ ತೆಗೆದುಕೊಂಡರು. “ಮಗು ಹುಟ್ಟಿದ ಗಳಿಗೆಗೆ ಜಾತಕ ಬರೀತಾರೆ ಕಣ್ರೀ, ನೋವು ಶುರುವಾದ ಗಳಿಗೆಗಲ್ಲ!”

ನನ್ನ ಹೆಂಡತಿ ತೆರೆದಿದ್ದ ಬಿಲ್ ಪುಸ್ತಕ ಮುಚ್ಚಿ, ನನ್ನ ಲ್ಯಾಪ್‌ಟಾಪಿನ ಧೂಳು ಒರೆಸತೊಡಗಿದಳು.

ಶ್ರುತಿ ಪರೀಕ್ಷೆ

ಆಯುಧಪೂಜೆಯ ಹಿಂದಿನ ದಿನ. ಪಕ್ಕದ ರಸ್ತೆಯ ಸಂಗೀತದ ಟೀಚರಮ್ಮ ಬಂದರು.

“ಆನ್‌ಲೈನ್ ಪಾಠ ಮಾಡ್ತೀನಿ. ನನ್ನ ಹಳೇ ಲ್ಯಾಪ್‌ಟಾಪಿನ ಫ್ಯಾನು ಗುಂಯ್ ಅನ್ನುತ್ತೆ. ಮಕ್ಕಳು ತಂಬೂರಿ ಬಿಟ್ಟು ಅದಕ್ಕೇ ಶ್ರುತಿ ಸೇರಿಸ್ತಿದಾರೆ!”

ಫೋನಿನಲ್ಲಿ ತಂಬೂರಿ ಹಾಕಿ, ಅಂಗಡಿಯ ಒಂದೊಂದು ಲ್ಯಾಪ್‌ಟಾಪಿಗೂ ಕಿವಿಯಿಟ್ಟು ಕೇಳಿದರು. ದುಬಾರಿಯವೆಲ್ಲ ಒಂದೊಂದಾಗಿ ಫೇಲಾದವು. ಕೊನೆಗೆ ನನ್ನ ಮೇಜಿನ ಮೇಲಿದ್ದ ನನ್ನ ಸ್ವಂತದ್ದಕ್ಕೂ ಕಿವಿಯಿಟ್ಟು ಹಿಂದೆ ಸರಿದರು. “ಅಯ್ಯಪ್ಪ! ಷಡ್ಜಕ್ಕಿಂತ ಒಂದೆಳೆ ಕೆಳಗೆ. ಇದನ್ನ ಇಟ್ಕೊಂಡು ಹೇಗ್ರೀ ಇದ್ದೀರಿ?”

ಆಮೇಲೆ ನಮ್ಮ ಬಡಪಾಯಿಯ ಸರದಿ. ಕಿವಿಯಿಟ್ಟರು. ಸದ್ದೇ ಇಲ್ಲ. ಮುಖ ಅರಳಿತು.

ಪಂದ್ಯ ಕೈತಪ್ಪುತ್ತಿದೆ ಅಂತ ಹೆಂಡತಿ ಬಾಯಿ ಹಾಕಿದಳು: “ತುಂಬಾ ನಿಧಾನ ಕಣ್ರೀ ಮೇಡಂ ಅದು.”

“ಒಳ್ಳೇದೇ ಆಯ್ತು ಬಿಡಮ್ಮ. ಅದು ಏಳೋಷ್ಟರಲ್ಲಿ ನಾನು ಗಂಟಲು ಸರಿಮಾಡ್ಕೋತೀನಿ.”

ಅವಳ ಕೈಯಲ್ಲೇ ಬಿಲ್ಲು ಬರೆಸಿದೆ. ಅಷ್ಟು ಚೆಂದದ ಅಕ್ಷರವನ್ನು ಅಷ್ಟು ಸಿಟ್ಟಿನಲ್ಲಿ ಯಾರೂ ಬರೆದಿರಲಿಕ್ಕಿಲ್ಲ.

ಮರುದಿನ ಪೂಜೆ ಮುಗಿಸಿ, ಗೆದ್ದ ಗತ್ತಿನಲ್ಲಿ ನನ್ನ ಲ್ಯಾಪ್‌ಟಾಪು ತೆರೆದು ಮ್ಯಾಚ್ ಹಾಕಿದೆ. ಗುಂಯ್. ಮೂರು ವರ್ಷದಿಂದ ಒಂದು ದಿನವೂ ಕೇಳಿಸದಿದ್ದ ಫ್ಯಾನು! ವಿಕೆಟ್ ಬಿದ್ದರೂ ಗುಂಯ್, ಸಿಕ್ಸರ್ ಹೊಡೆದರೂ ಗುಂಯ್, ಅದೂ ಷಡ್ಜಕ್ಕಿಂತ ಒಂದೆಳೆ ಕೆಳಗೆ. ವಾರ ತಡೆದುಕೊಂಡೆ. ಎಂಟನೆಯ ದಿನ ಡೀಲರಿಗೆ ಫೋನು ಮಾಡಿ, “ಆ ಫ್ಯಾನಿಲ್ಲದ್ದು ಇನ್ನೊಂದು ಕಳಿಸಪ್ಪ, ನನಗೇ ಬೇಕು” ಅಂದು, ನನ್ನದನ್ನು ನಾನೇ ಒಯ್ದು ಹೆಂಡತಿಯ ಮುಂದಿಟ್ಟೆ.

“ತಗೋ ಮಾರಾಯ್ತಿ. ಆದ್ರೆ ಈ ಸದ್ದು ನೀನು ಹೇಗೆ ತಡ್ಕೋತೀಯೋ!”

ಅವಳು ಆಗಲೇ ಅದನ್ನು ತೆರೆದು, ಪರದೆಯಿಂದ ಕಣ್ಣು ಕೀಳದೆ ಹೇಳಿದಳು: “ಇಪ್ಪತ್ತೆಂಟು ವರ್ಷ ನಿಮ್ಮ ಗೊರಕೆ ಪಕ್ಕದಲ್ಲಿ ಮಲಗಿದೀನಿ ಕಣ್ರೀ. ಇದರಲ್ಲಾದ್ರೆ ಇರೋದು ಬರೀ ಒಂದೇ ಫ್ಯಾನು.”