ಕಬ್ಬಿನ ಕೈ, ಹೆಬ್ಬೇವಿನ ಗಿಡ

ಕಬ್ಬು ಬೆಳೆದ ಕೈಗೆ ಮರ ಬೆಳೆಸುವುದು ಯಾವ ಲೆಕ್ಕ? ಹೀಗೆಂದುಕೊಂಡೇ ನಾನು ಅಥಣಿ ಪಕ್ಕದ ನಮ್ಮ ಹೊಲದಲ್ಲಿ ಇನ್ನೂರು ಹೆಬ್ಬೇವಿನ ಸಸಿ ನೆಟ್ಟೆ. ಜಾಗ ಮಾತ್ರ ನನ್ನ ಹೆಂಡತಿ ಕಸ್ತೂರಿಯದು. ಅಂದರೆ, ಆಕೆ ವರ್ಷವೂ ಮೆಣಸಿನಕಾಯಿ ಬೆಳೆಯುತ್ತಿದ್ದ ಅರ್ಧ ಎಕರೆ.

"ಒಂದ ವರ್ಷ ಕೊಡ್ತೀನ್ರಿ" ಎಂದಳು. "ಗಿಡ ನಿಮ್ಮ ತಲಿ ಮ್ಯಾಲ ಹೋಗ್ಬೇಕು. ಹೋಗಲಿಲ್ಲಂದ್ರ ಕಿತ್ತ ಒಗದು ನನ್ನ ಮೆಣಸಿನಕಾಯಿ ಹಚ್ಚತೀನಿ."

"ವರ್ಷ ಯಾಕ ಬೇಕು? ಆರ ತಿಂಗಳದಾಗ ನಿನ್ನ ಗಿಡದ ನೆರಳಾಗ ಕುಂದರಸ್ತೀನಿ ನೋಡ!"

ನಮ್ಮ ಕಡೆ ಕಬ್ಬಿಗೆ ಒಂದೇ ಶಾಸ್ತ್ರ: ಕರೆಂಟು ಇರುವಷ್ಟು ಹೊತ್ತು ಮೋಟಾರು ನಡೆಯಬೇಕು. ನೀರು ಬದುವಿಗೆ ಮುಟ್ಟುವ ಮೊದಲೇ ಬಂದ್ ಮಾಡಿದವನು ರೈತನೇ ಅಲ್ಲ. ಸದರಿ ಶಾಸ್ತ್ರದ ಪ್ರಕಾರ ನೀರು ಬಿಟ್ಟೆ. ಕಬ್ಬಿಗೆಂದು ತಂದಿದ್ದ ಯೂರಿಯಾದಲ್ಲಿ ಗಿಡಕ್ಕೊಂದು ಬೊಗಸೆ ಸುರಿದೆ. ಮೊದಮೊದಲು ಎಲೆಗಳು ಎಷ್ಟು ಹಸಿರಾದವೆಂದರೆ ದಾರಿಯಲ್ಲಿ ಹೋಗುವವರನ್ನೆಲ್ಲ ನಿಲ್ಲಿಸಿ ತೋರಿಸಿದೆ.

ಆಮೇಲೆ ಹಳದಿಯಾದವು!

ಪಕ್ಕದ ದ್ರಾಕ್ಷಿ ತೋಟದ ಅಪ್ಪಾಸಾಹೇಬ ಬಂದು ಎಲೆ ತಿರುಗಿಸಿ ನೋಡಿದ. "ಕಾಕಾ, ಝಿಂಕ್ ಕಮ್ಮಿ ಐತಿ." ಹಾಕಿದೆ. ವಾರ ಬಿಟ್ಟು ಬಂದ. "ಝಿಂಕ್ ಅಲ್ಲ ತಗೋ ಕಾಕಾ, ಕಬ್ಬಿಣ." ಅದನ್ನೂ ಹಾಕಿದೆ. "ಪೊಟ್ಯಾಶ್ ಇರಬಹುದೇನೋ..." ಅದನ್ನೂ! ಎಲ್ಲ ಚೆನ್ನಾಗಿ ಕರಗಲೆಂದು ಪ್ರತಿ ಸಲ ಮತ್ತೆ ನೀರು. ಗಿಡ ಮತ್ತಷ್ಟು ಹಳದಿ. ಯಾವುದು ಹೆಚ್ಚಾಗಿದೆ, ಯಾವುದು ಕಡಿಮೆಯಾಗಿದೆ, ಯಾವ ಸಾಲಿಗೆ ಏನು ಹಾಕಿದ್ದೇನೆ, ಒಂದೂ ತಿಳಿಯದೆ ನನ್ನ ತಲೆ ಕೆಟ್ಟು ಮೊಸರುಗಡಿಗೆಯಾಯಿತು.

"ಹೊಟ್ಟಿ ತುಂಬಿದಾಂವಗ ಹೋಳಿಗಿ ತುರುಕಾಕತ್ತೀರಿ" ಎಂದಳು ಕಸ್ತೂರಿ.

"ನೀ ಅಡಗಿ ಅಷ್ಟ ನೋಡ್ಕೋ" ಎಂದೆ.

ಅಂದಿನ ಪಲ್ಯ ಬಾಯಿಗಿಡುವಂತಿರಲಿಲ್ಲ. "ಏನ ಕಮ್ಮಿ ಐತಿ ನೀವ ಹೇಳ್ರಿ. ಉಪ್ಪೋ, ಝಿಂಕೋ?"

ವರ್ಷ ತುಂಬಲು ಎಂಟು ದಿನ ಉಳಿದಾಗ, ನಾನು ನೀರು ಬಿಟ್ಟ ಗಿಡಗಳಿನ್ನೂ ನನ್ನ ಸೊಂಟ ದಾಟಿರಲಿಲ್ಲ. ಮಾನ ಉಳಿಸಿಕೊಳ್ಳಲು ಚಿಕ್ಕೋಡಿಯಿಂದ ಮಣ್ಣು ಪರೀಕ್ಷೆ ಮಾಡುವ ಮೇಡಂ ಒಬ್ಬರನ್ನು ಕರೆಸಿದೆ. ಅವರು ಒಂದು ಗಿಡ ಕಿತ್ತು ನೋಡಿದರು. ಬೇರು ಕಪ್ಪಾಗಿ ಕೊಳೆತಿತ್ತು.

"ನೀರ ನಿಂತು ಬೇರಿಗೆ ಉಸುರಾಡಾಕ ಆಗವಲ್ದರಿ. ಮಣ್ಣಾಗ ಎಲ್ಲಾ ಐತಿ, ಗಿಡಕ್ಕ ಎಳಕೊಳ್ಳಾಕ ಬರವಲ್ದು. ಒಂದ ಹೆಚ್ಚಿಗಿ ಹಾಕಿದ್ರ ಇನ್ನೊಂದರ ದಾರಿ ಬಂದ್ ಆಗತೈತಿ."

ಅರ್ಥವಾದವನಂತೆ ತಲೆಯಾಡಿಸಿದೆ. ಏನೂ ಅರ್ಥವಾಗಿರಲಿಲ್ಲ. ತಾಟಿನ ತುಂಬ ಊಟ ಬಡಿಸಿದ ಮೇಲೂ ಉಪವಾಸವೆಂದರೆ ಹೇಗೆ?

ಅಷ್ಟರಲ್ಲಿ ಮೇಡಂ ಕಣ್ಣು ಮೇಲಿನ ಮೂಲೆಗೆ ಹೋಯಿತು. ಅಲ್ಲಿ ಏಳು ಗಿಡ, ನನ್ನ ಎರಡರಷ್ಟು ಎತ್ತರ, ದಟ್ಟ ಹಸಿರು! "ಇವಕ್ಕ ಏನ ಹಾಕೀರಿ?"

ನನ್ನ ಎದೆ ಉಬ್ಬಿತು. "ಅದ ನಮ್ಮದೊಂದು ಪದ್ಧತಿ ಐತ್ರಿ ಮೇಡಂ..."

"ಅಲ್ಲಿ ದಿಬ್ಬ ಐತ್ರಿ, ನೀರ ಏರೂದಿಲ್ಲ" ಎಂದಳು ಕಸ್ತೂರಿ. "ಅದಕ್ಕ ಇವರು ಅತ್ತ ಹೋಗೇ ಇಲ್ಲ, ಗೊಬ್ಬರಾನೂ ಹಾಕಿಲ್ಲ. ನಾನ ಆಡಿನ ಹಿಕ್ಕಿ ಚೆಲ್ಲಿ, ವಾರಕ್ಕೊಮ್ಮಿ ಗಿಡಕ್ಕೊಂದ ಕೊಡ ನೀರ ಹಾಕ್ತಿದ್ನಿ."

ಕೊನೆಯ ಅಸ್ತ್ರ ಬಿಟ್ಟೆ. "ಹಂಗಾದ್ರ ಏಳ ಗಿಡ ನನ್ನ ತಲಿ ಮ್ಯಾಲ ಹೋದಂಗಾತಲ್ಲ!"

"ಹೌದ್ರಿ. ಅವನ್ನ ಕೀಳೂದಿಲ್ಲ. ಅವು ನನ್ನವು."

ಈಗ ಅಲ್ಲಿ ಮತ್ತೆ ಮೆಣಸಿನಕಾಯಿ. ಮೋಟಾರಿನ ಪೆಟ್ಟಿಗೆಗೆ ಬೀಗ ಬಿದ್ದಿದೆ, ಕೀಲಿ ಕಸ್ತೂರಿಯ ಸೆರಗಿನ ಗಂಟಿನಲ್ಲಿದೆ. ನೆರಳಲ್ಲಿ ಕೂರಿಸುತ್ತೇನೆಂದವನು ನಾನು, ಆ ಏಳು ಮರದ ಕೆಳಗೆ ಕೂತು ದೂರದಿಂದ ನೋಡುವವನೂ ನಾನೇ. ಆಡಿನ ಹಿಕ್ಕೆಗೆ ಆ ಮೆಣಸಿನಕಾಯಿ ಸಾಲಿನೊಳಗೆ ಪ್ರವೇಶವಿದೆ. ನನಗಿಲ್ಲ!